ಮ್ಯಾಕ್ರೋ ಒತ್ತಿದರೆ ಫೈಲ್ ಶೇರ್‌ಪಾಯಿಂಟ್ ಲೈಬ್ರರಿಗೆ ಹೋಗಬೇಕು: ಹಂತ ಹಂತವಾಗಿ ಮಾಡುವ ಕ್ರಮ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಅಕ್ಕಿ ಮಿಲ್‌ಗಳಲ್ಲಿ ಲೆಕ್ಕ ಬರೆಯುವವರಿಂದ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. "ಭತ್ತದ ಆವಕದ ಶೀಟನ್ನು ಮ್ಯಾಕ್ರೋದಿಂದ ಶೇರ್‌ಪಾಯಿಂಟ್‌ಗೆ ಸೇವ್ ಮಾಡೋಕೆ ಹೋದ್ರೆ 1004 ಎರರ್ ಬರುತ್ತೆ ಸರ್, ಏನು ಮಾಡ್ಲಿ?" ಮ್ಯಾಕ್ರೋ ಅಂದರೆ ಎಕ್ಸೆಲ್‌ನಲ್ಲಿ ಮಾಡುವ ಕೆಲಸಗಳನ್ನು ತಾನಾಗಿ ಮಾಡಿಸುವ ಸಣ್ಣ ಕೋಡ್. ಶೇರ್‌ಪಾಯಿಂಟ್ ಅಂದರೆ ಸಂಸ್ಥೆಯ ಫೈಲ್‌ಗಳನ್ನು ಆನ್‌ಲೈನ್‌ನಲ್ಲಿ ಇಡುವ ಮೈಕ್ರೋಸಾಫ್ಟ್ ಸೇವೆ, ಲೈಬ್ರರಿ ಅಂದರೆ ಅದರಲ್ಲಿ ಫೈಲ್‌ಗಳು ಕೂರುವ ಜಾಗ. ಇನ್ನು ಕೆಲವರಿಗೆ ಎರರ್ ಬರುವುದಿಲ್ಲ, ಲೈಬ್ರರಿಯಲ್ಲಿ ಫೈಲೂ ಕಾಣುವುದಿಲ್ಲ. ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಫೈಲ್ ಹೋಗಿದೆ ಎಂದುಕೊಂಡೇ ವಾರಗಟ್ಟಲೆ ಕೆಲಸ ಸಾಗಿರುತ್ತದೆ.

ಎಲ್ಲರೂ ತಪ್ಪನ್ನು ಕೋಡ್‌ನಲ್ಲಿ ಹುಡುಕುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪು ಇರುವುದು ಎರಡೇ ಕಡೆ: ಫೈಲ್ ಹೋಗಬೇಕಾದ ವಿಳಾಸದಲ್ಲಿ, ಕೆಲಸ ಮಾಡುವ ಕ್ರಮದಲ್ಲಿ. ಹಾಗಾಗಿ ಇಲ್ಲಿ ಕೋಡ್ ಬರೆಯುವ ಮಾತು ತಡವಾಗಿ ಬರುತ್ತದೆ. ದಯವಿಟ್ಟು ಹಂತ ಬಿಟ್ಟು ಮುಂದೆ ಹೋಗಬೇಡಿ.

ಉದಾಹರಣೆಗೆ ಇದನ್ನು ಇಟ್ಟುಕೊಳ್ಳೋಣ. ಗಂಗಾವತಿಯಲ್ಲಿ ಮುಖ್ಯ ಕಚೇರಿ, ಕಾರಟಗಿ ಮತ್ತು ಸಿಂಧನೂರಿನಲ್ಲಿ ಒಂದೊಂದು ಮಿಲ್. ಪ್ರತಿ ಮಿಲ್‌ನಲ್ಲೂ ಲಾರಿ ನಂಬರ್, ಚೀಲ, ತೂಕ, ತೇವಾಂಶ ಬರೆದಿಡುವ ಎಕ್ಸೆಲ್ ಫೈಲ್ ಇದೆ. ದಿನದ ಕೊನೆಗೆ ಬಟನ್ ಒತ್ತಿದರೆ ಆ ದಿನದ ಶೀಟ್ ಮಾತ್ರ ಬೇರೆ ಫೈಲ್ ಆಗಿ ಲೈಬ್ರರಿಗೆ ಹೋಗಬೇಕು.

ಶುರು ಮಾಡುವ ಮೊದಲು ಬೇಕಾದವು

ವಿಂಡೋಸ್ ಕಂಪ್ಯೂಟರ್, ಅದರಲ್ಲಿ ಇನ್‌ಸ್ಟಾಲ್ ಆದ ಎಕ್ಸೆಲ್. ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್‌ನಲ್ಲಿ ಅಥವಾ ಫೋನಿನ ಎಕ್ಸೆಲ್‌ನಲ್ಲಿ ಈ ಮ್ಯಾಕ್ರೋಗಳು ಓಡುವುದಿಲ್ಲ. ಅಲ್ಲಿ ಬಟನ್ ಕಾಣಿಸಿದರೂ ಒತ್ತಿ ಪ್ರಯೋಜನವಿಲ್ಲ.

ಸಂಸ್ಥೆಯ ಮೈಕ್ರೋಸಾಫ್ಟ್ 365 ಅಕೌಂಟ್, ಆ ಲೈಬ್ರರಿಯಲ್ಲಿ ತಿದ್ದುವ ಅನುಮತಿ. ಬರೀ ನೋಡುವ ಅನುಮತಿ ಸಾಲದು. ಅದೇ ಅಕೌಂಟ್‌ನಿಂದ ಎಕ್ಸೆಲ್‌ಗೂ ಒನ್‌ಡ್ರೈವ್ ಆ್ಯಪ್‌ಗೂ ಸೈನ್ ಇನ್ ಆಗಿರಬೇಕು. ಒಂದರಲ್ಲಿ ಸ್ವಂತ ಅಕೌಂಟ್, ಇನ್ನೊಂದರಲ್ಲಿ ಕಂಪನಿ ಅಕೌಂಟ್ ಇದ್ದರೆ ಗೊಂದಲ ಅಲ್ಲಿಂದಲೇ ಶುರು.

ಎಕ್ಸೆಲ್‌ನಲ್ಲಿ ಡೆವಲಪರ್ ಟ್ಯಾಬ್ ಕಾಣದಿದ್ದರೆ ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ ಅದಕ್ಕೆ ಟಿಕ್ ಹಾಕಿ. ಮ್ಯಾಕ್ರೋ ಇರುವ ಮೂಲ ಫೈಲನ್ನು ಎಕ್ಸ್‌ಎಲ್‌ಎಸ್‌ಎಂ ಆಗಿಯೇ ಸೇವ್ ಮಾಡಿ. ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಸೇವ್ ಮಾಡಿದರೆ ಮ್ಯಾಕ್ರೋ ಅಳಿಸಿಹೋಗುತ್ತದೆ.

ಕೋಡ್‌ನ ಪದಗಳನ್ನು ಇಲ್ಲಿ ಉಚ್ಚಾರದ ಪ್ರಕಾರ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಹಂತ 1: ಮೊದಲು ಕೈಯಿಂದ ಸೇವ್ ಮಾಡಿ ನೋಡಿ

ಬ್ರೌಸರ್‌ನಲ್ಲಿ ಲೈಬ್ರರಿ ತೆರೆದು ಒಂದು ಸುಮ್ನೆ ಫೈಲ್ ಅಪ್‌ಲೋಡ್ ಮಾಡಿ. ಆಮೇಲೆ ಪಕ್ಕದ ಟೇಬಲ್‌ನವರ ಕಂಪ್ಯೂಟರ್‌ನಲ್ಲಿ ಅದು ಕಾಣುತ್ತದೆಯೇ ಕೇಳಿ. ಕೈಯಿಂದ ಆಗದ್ದು ಮ್ಯಾಕ್ರೋದಿಂದ ಆಗುವುದಿಲ್ಲ. ಇದನ್ನು ಬಿಟ್ಟವರೇ ಜಾಸ್ತಿ ಹೊತ್ತು ಕಳೆದುಕೊಳ್ಳುತ್ತಾರೆ.

ನಿಮಗೆ ಕಾಣುವ ಫೈಲ್ ಬೇರೆಯವರಿಗೆ ಕಾಣದಿದ್ದರೆ ಆ ಲೈಬ್ರರಿಯಲ್ಲಿ ಚೆಕ್ ಔಟ್ (ತಿದ್ದುವ ಮೊದಲು ಫೈಲನ್ನು ನಿಮ್ಮ ಹೆಸರಿಗೆ ಹಿಡಿದಿಡುವುದು) ಕಡ್ಡಾಯ ಮಾಡಿರಬಹುದು. ಅಂಥ ಕಡೆ ಹೊಸ ಫೈಲನ್ನು ನೀವು ಚೆಕ್ ಇನ್ ಮಾಡುವವರೆಗೆ ಉಳಿದವರಿಗೆ ಅದು ಇಲ್ಲದಂತೆಯೇ. ತುಂಬಲೇಬೇಕಾದ ಕಾಲಮ್‌ಗಳು ಇದ್ದರೂ ಇದೇ ತರಹದ ತೊಂದರೆ ಬರುತ್ತದೆ. ಎರಡನ್ನೂ ಮ್ಯಾಕ್ರೋದಲ್ಲಿ ನಿಭಾಯಿಸಲು ಹೋಗಬೇಡಿ. ದಿನದ ವರದಿ ಹಾಕಲು ಇವೆರಡೂ ಇಲ್ಲದ ಒಂದು ಬೇರೆ ಲೈಬ್ರರಿ ಮಾಡಿಕೊಡಿ ಎಂದು ಸೈಟ್ ನೋಡಿಕೊಳ್ಳುವವರನ್ನು ಕೇಳಿ. ಅವರಿಗೆ ಅದು ಸಣ್ಣ ಕೆಲಸ.

ಹಂತ 2: ಲೈಬ್ರರಿಯನ್ನು ಕಂಪ್ಯೂಟರ್‌ಗೆ ಸಿಂಕ್ ಮಾಡಿ

ಮ್ಯಾಕ್ರೋದಿಂದ ಸೇವ್ ಮಾಡಲು ದಾರಿ ಎರಡು. ಒಂದು, ಲೈಬ್ರರಿಯ ವೆಬ್ ವಿಳಾಸಕ್ಕೇ ನೇರವಾಗಿ. ಇನ್ನೊಂದು, ಒನ್‌ಡ್ರೈವ್ ಮೂಲಕ ಸಿಂಕ್ ಆದ ಫೋಲ್ಡರ್‌ಗೆ, ಅಂದರೆ ಲೈಬ್ರರಿಯ ಜೊತೆ ತಾನಾಗಿ ಹೊಂದಿಕೊಳ್ಳುವ ನಿಮ್ಮ ಕಂಪ್ಯೂಟರ್‌ನ ಫೋಲ್ಡರ್‌ಗೆ. ಎರಡನೆಯದನ್ನೇ ಹಿಡಿಯಿರಿ ಎಂಬುದು ನನ್ನ ಸಲಹೆ. ಸುಗ್ಗಿಯ ಹೊತ್ತಿನಲ್ಲಿ ವೇಬ್ರಿಡ್ಜ್ ಮುಂದೆ ಲಾರಿ ಸಾಲು ನಿಂತಿರುತ್ತದೆ, ಆಗಲೇ ನೆಟ್ ಹೋಗುತ್ತದೆ. ವೆಬ್ ವಿಳಾಸಕ್ಕೆ ಸೇವ್ ಮಾಡುವ ಮ್ಯಾಕ್ರೋ ಆಗ ಅರ್ಧದಲ್ಲೇ ನಿಲ್ಲುತ್ತದೆ. ಸಿಂಕ್ ಫೋಲ್ಡರ್ ಆದರೆ ಫೈಲ್ ಡಿಸ್ಕ್ ಮೇಲೆ ಕೂತಿರುತ್ತದೆ, ನೆಟ್ ಬಂದಾಗ ಒನ್‌ಡ್ರೈವ್ ಮೇಲಕ್ಕೆ ಕಳಿಸುತ್ತದೆ.

ಬ್ರೌಸರ್‌ನಲ್ಲಿ ಲೈಬ್ರರಿ ತೆರೆದರೆ ಮೇಲೆ ಸಿಂಕ್ ಎಂಬ ಆಯ್ಕೆ ಇದೆ. ಅದರ ಪಕ್ಕದಲ್ಲೇ 'ಆ್ಯಡ್ ಶಾರ್ಟ್‌ಕಟ್ ಟು ಒನ್‌ಡ್ರೈವ್' ಕೂಡ ಇರುತ್ತದೆ. ಎರಡೂ ಕೆಲಸ ಮಾಡುತ್ತವೆ, ಆದರೆ ಫೋಲ್ಡರ್ ಕೂರುವ ಜಾಗ ಬೇರೆ ಬೇರೆ. ಸಿಂಕ್ ಒತ್ತಿದರೆ ನಿಮ್ಮ ಯೂಸರ್ ಫೋಲ್ಡರ್ ಒಳಗೆ ಸಂಸ್ಥೆಯ ಹೆಸರಿನ ಫೋಲ್ಡರ್ ಬಂದು, ಅದರೊಳಗೆ ಸೈಟ್ ಹೆಸರು ಮತ್ತು ಲೈಬ್ರರಿ ಹೆಸರು ಸೇರಿದ ಫೋಲ್ಡರ್ ಬರುತ್ತದೆ. ಶಾರ್ಟ್‌ಕಟ್ ಆದರೆ ನಿಮ್ಮ ಒನ್‌ಡ್ರೈವ್ ಫೋಲ್ಡರ್ ಒಳಗೇ ಹೋಗುತ್ತದೆ. ಕಾರಟಗಿಯವರು ಒಂದನ್ನು, ಸಿಂಧನೂರಿನವರು ಇನ್ನೊಂದನ್ನು ಒತ್ತಿದ್ದರೆ ಒಂದೇ ಮ್ಯಾಕ್ರೋ ಒಂದು ಕಡೆ ಓಡುತ್ತದೆ, ಇನ್ನೊಂದು ಕಡೆ ಓಡುವುದಿಲ್ಲ. ಎಲ್ಲ ಕಂಪ್ಯೂಟರ್‌ಗಳಲ್ಲೂ ಸಿಂಕ್ ಅನ್ನೇ ಬಳಸಿ.

ಸಿಂಕ್ ಆದ ಮೇಲೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಆ ಫೋಲ್ಡರ್ ಮೇಲೆ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ, 'ಕಾಪಿ ಆ್ಯಸ್ ಪಾತ್' ಆರಿಸಿ. ಪೂರ್ತಿ ವಿಳಾಸ ಸಿಗುತ್ತದೆ. ಅದರ ಹಿಂದೆ ಮುಂದೆ ಉದ್ಧರಣ ಚಿಹ್ನೆಗಳೂ ಸೇರಿಕೊಂಡಿರುತ್ತವೆ, ಅವನ್ನು ತೆಗೆಯಿರಿ. ವಿಳಾಸವನ್ನು ನೆನಪಿನಿಂದ ಟೈಪ್ ಮಾಡಬೇಡಿ. ಸೈಟ್ ಹೆಸರಿನ ನಂತರ ಒಂದು ಸ್ಪೇಸ್, ಒಂದು ಅಡ್ಡಗೆರೆ, ಮತ್ತೆ ಒಂದು ಸ್ಪೇಸ್ ಇರುತ್ತದೆ. ಅದರಲ್ಲಿ ಒಂದು ಸ್ಪೇಸ್ ಬಿಟ್ಟರೂ ಫೋಲ್ಡರ್ ಸಿಗುವುದಿಲ್ಲ.

ಹಂತ 3: ವಿಳಾಸ ಮತ್ತು ಹೆಸರನ್ನು ಶೀಟ್‌ನಲ್ಲಿ ಕಟ್ಟಿ

ಫೈಲ್ ಹೆಸರನ್ನು ಕೋಡ್ ಒಳಗೆ ಬರೆಯಬೇಡಿ. ಸೆಟ್ಟಿಂಗ್ಸ್ ಎಂದು ಒಂದು ಶೀಟ್ ಮಾಡಿ, ಅದರ ಸೆಲ್‌ಗಳಲ್ಲಿ ಬರೆಯಿರಿ. ಕೋಡ್ ಗೊತ್ತಿಲ್ಲದವರೂ ಆಮೇಲೆ ತಿದ್ದಬಹುದು. ಇನ್ನೊಂದು ಕಾರಣ ಕನ್ನಡದವರಿಗೆ ತುಂಬ ಮುಖ್ಯ: ಮ್ಯಾಕ್ರೋದ ಕೋಡ್ ಬರೆಯುವ ವಿಬಿಎ ಎಡಿಟರ್‌ಗೆ ಕನ್ನಡ ಅಕ್ಷರ ಬರುವುದಿಲ್ಲ. ಅಲ್ಲಿ 'ಆವಕ' ಎಂದು ಅಂಟಿಸಿದರೆ ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆ ಇರುವ ಹೆಸರಿನಲ್ಲಿ ಫೈಲ್ ಸೇವ್ ಆಗುವುದೇ ಇಲ್ಲ. ಸೆಲ್‌ನಲ್ಲಿರುವ ಕನ್ನಡವನ್ನು ಮಾತ್ರ ಮ್ಯಾಕ್ರೋ ಸರಿಯಾಗಿ ಎತ್ತಿಕೊಳ್ಳುತ್ತದೆ.

ಹೀಗೆ ತುಂಬಿ:

ಬಿ1: ಮಿಲ್ ಹೆಸರು, ಉದಾಹರಣೆಗೆ ಕಾರಟಗಿ.

ಬಿ2: ತಾರೀಕು. ಇಲ್ಲಿ ಟುಡೇ ಫಾರ್ಮುಲಾ ಬೇಡ, ಕೈಯಿಂದ ಬರೆಯಿರಿ. ಸುಗ್ಗಿಯಲ್ಲಿ ರಾತ್ರಿ 12 ದಾಟಿದ ಮೇಲೂ ಲಾರಿ ಖಾಲಿಯಾಗುತ್ತಿರುತ್ತದೆ, ಆದರೆ ಲೆಕ್ಕ ಹಿಂದಿನ ದಿನದ್ದು, ಅಲ್ವಾ?

ಬಿ3: ಯೂಸರ್ ಫೋಲ್ಡರ್ ನಂತರದ ವಿಳಾಸ. ಅಂದರೆ ಸಂಸ್ಥೆಯ ಹೆಸರಿನಿಂದ ಹಿಡಿದು ಕೊನೆಯ ಫೋಲ್ಡರ್‌ವರೆಗೆ. ಮೊದಲಿಗೂ ಕೊನೆಗೂ ಬ್ಯಾಕ್‌ಸ್ಲ್ಯಾಶ್ ಇರಲೇಬೇಕು. ಕೊನೆಯದನ್ನು ಮರೆತರೆ ಫೋಲ್ಡರ್ ಹೆಸರೂ ಫೈಲ್ ಹೆಸರೂ ಅಂಟಿಕೊಂಡು ಫೈಲ್ ಒಂದು ಫೋಲ್ಡರ್ ಹಿಂದೆ ಹೋಗಿ ಬೀಳುತ್ತದೆ.

ಬಿ4: ಫೈಲ್ ಹೆಸರಿನ ಫಾರ್ಮುಲಾ. 'ಆವಕ', ಅಡ್ಡಗೆರೆ, ಬಿ1, ಅಡ್ಡಗೆರೆ, ಟೆಕ್ಸ್ಟ್ ಫಾರ್ಮುಲಾದಲ್ಲಿ ಬಿ2, ಕೊನೆಗೆ ಚುಕ್ಕೆ ಮತ್ತು ಎಕ್ಸ್‌ಎಲ್‌ಎಸ್‌ಎಕ್ಸ್. ಎಲ್ಲವನ್ನೂ ಆ್ಯಂಡ್ ಚಿಹ್ನೆಯಿಂದ ಸೇರಿಸಿ. ಟೆಕ್ಸ್ಟ್ ಫಾರ್ಮುಲಾದಲ್ಲಿ ವೈ ನಾಲ್ಕು ಸಲ, ಎಂ ಎರಡು ಸಲ, ಡಿ ಎರಡು ಸಲ, ಮಧ್ಯೆ ಅಡ್ಡಗೆರೆ. ಸೆಲ್‌ನಲ್ಲಿ 'ಆವಕ-ಕಾರಟಗಿ-2025-11-18' ಎಂದು ಶುರುವಾಗುವ ಹೆಸರು ಕಾಣಬೇಕು. ವರ್ಷ ಮೊದಲು ಇದ್ದರೆ ಲೈಬ್ರರಿಯಲ್ಲಿ ಪ್ರತಿ ಮಿಲ್‌ನ ಫೈಲ್‌ಗಳು ತಾರೀಕಿನ ಕ್ರಮದಲ್ಲೇ ನಿಲ್ಲುತ್ತವೆ.

ತಾರೀಕನ್ನು ನಾವು ಮಾಮೂಲಾಗಿ ಬರೆಯುವಂತೆ 18/11/2025 ಎಂದು ಬಿಡಬೇಡಿ. ಸ್ಲ್ಯಾಶ್, ಬ್ಯಾಕ್‌ಸ್ಲ್ಯಾಶ್, ಕೋಲನ್, ನಕ್ಷತ್ರ, ಪ್ರಶ್ನಾರ್ಥಕ ಚಿಹ್ನೆ, ಉದ್ಧರಣ ಚಿಹ್ನೆ, ನಿಂತ ಗೆರೆ, ಕೋನದ ಆವರಣಗಳು ಫೈಲ್ ಹೆಸರಿನಲ್ಲಿ ಬರಬಾರದು. ಫೋಲ್ಡರ್ ಸೇರಿ ಪೂರ್ತಿ ವಿಳಾಸ 218 ಅಕ್ಷರ ದಾಟಿದರೆ ಎಕ್ಸೆಲ್ ಒಪ್ಪುವುದಿಲ್ಲ. ಫೋಲ್ಡರ್ ಒಳಗೆ ಫೋಲ್ಡರ್ ಮಾಡುತ್ತಾ ಹೋದವರಿಗೆ ಈ ಮಿತಿ ಬೇಗ ಎದುರಾಗುತ್ತದೆ.

ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುವವರು ಇಲ್ಲಿ ಹುಷಾರಾಗಿರಬೇಕು. ಸೆಲ್‌ನಲ್ಲಿ ಚೆಂದದ ಕನ್ನಡ ಕಾಣುತ್ತದೆ, ಫೈಲ್ ಹೆಸರಾದಾಗ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲಾಗುತ್ತದೆ. ಅದರಲ್ಲಿ ನಿಷೇಧಿತ ಚಿಹ್ನೆ ಸೇರಿದ್ದರೆ ಸೇವ್ ಕೂಡ ಆಗುವುದಿಲ್ಲ. ಬಿ1 ಮತ್ತು ಬಿ4 ಯೂನಿಕೋಡ್‌ನಲ್ಲೇ ಇರಲಿ. ಪರೀಕ್ಷೆ ಸುಲಭ: ಆ ಸೆಲ್‌ನ ಫಾಂಟ್ ಅನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಹಾಗೇ ಉಳಿದರೆ ಯೂನಿಕೋಡ್, ಗೋಜಲಾದರೆ ಹಳೆಯ ಫಾಂಟ್.

ಶೀಟ್‌ಗಳ ಹೆಸರು ಮತ್ತು ಫೋಲ್ಡರ್‌ಗಳ ಹೆಸರು ಮಾತ್ರ ಇಂಗ್ಲಿಷ್‌ನಲ್ಲೇ ಇರಲಿ. ಕಾರಣ ಮುಂದಿನ ಹಂತದಲ್ಲಿದೆ.

ಹಂತ 4: ಮ್ಯಾಕ್ರೋ ರೆಕಾರ್ಡ್ ಮಾಡಿ

ಖಾಲಿ ಪುಟದಿಂದ ಕೋಡ್ ಬರೆಯುವ ಅಗತ್ಯವಿಲ್ಲ. ಡೆವಲಪರ್ ಟ್ಯಾಬ್‌ನಲ್ಲಿ ರೆಕಾರ್ಡ್ ಮ್ಯಾಕ್ರೋ ಒತ್ತಿ, ಇಡುವ ಜಾಗವಾಗಿ 'ದಿಸ್ ವರ್ಕ್‌ಬುಕ್' ಆರಿಸಿ. ಆಮೇಲೆ ಈ ಕೆಲಸಗಳನ್ನು ಇದೇ ಕ್ರಮದಲ್ಲಿ ನಿಧಾನವಾಗಿ ಮಾಡಿ.

ಆವಕದ ಶೀಟ್ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಮೂವ್ ಆರ್ ಕಾಪಿ' ತೆಗೆದು, ಹೊಸ ಬುಕ್ ಆರಿಸಿ, 'ಕ್ರಿಯೇಟ್ ಎ ಕಾಪಿ'ಗೆ ಟಿಕ್ ಹಾಕಿ. ಟಿಕ್ ಮರೆತರೆ ಮೂಲ ಫೈಲ್‌ನಿಂದ ಶೀಟ್ ಎದ್ದು ಹೋಗುತ್ತದೆ. ಹೊಸ ಬುಕ್‌ನಲ್ಲಿ ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಅಲ್ಲೇ 'ಪೇಸ್ಟ್ ವ್ಯಾಲ್ಯೂಸ್' ಮಾಡಿ. ಇದನ್ನು ಬಿಟ್ಟರೆ ಫಾರ್ಮುಲಾಗಳು ನಿಮ್ಮ ಕಂಪ್ಯೂಟರ್‌ನ ಮೂಲ ಫೈಲ್‌ಗೇ ಜೋತುಬಿದ್ದಿರುತ್ತವೆ. ಗಂಗಾವತಿಯಲ್ಲಿ ತೆರೆದವರಿಗೆ ಲಿಂಕ್ ಅಪ್‌ಡೇಟ್ ಮಾಡಲೇ ಎಂಬ ಪ್ರಶ್ನೆ ಬರುತ್ತದೆ. ನಂತರ ಸೇವ್ ಆ್ಯಸ್ ಮಾಡಿ, ಫೈಲ್ ಮುಚ್ಚಿ, ರೆಕಾರ್ಡಿಂಗ್ ನಿಲ್ಲಿಸಿ.

ರೆಕಾರ್ಡ್ ಮಾಡುವಾಗ ಸೇವ್ ಮಾಡುವ ಜಾಗ ಸಿಂಕ್ ಫೋಲ್ಡರ್ ಆಗಿರಬಾರದು. ಯಾವುದಾದರೂ ಮಾಮೂಲಿ ಫೋಲ್ಡರ್ ಸಾಕು, ಆ ವಿಳಾಸವನ್ನು ಹೇಗೂ ಬದಲಿಸುತ್ತೇವೆ. ಸಿಂಕ್ ಫೋಲ್ಡರ್ ಆರಿಸಿದರೆ ಎಕ್ಸೆಲ್ ಡಿಸ್ಕ್‌ನ ವಿಳಾಸದ ಬದಲು ವೆಬ್ ವಿಳಾಸವನ್ನೇ ಬರೆದುಕೊಳ್ಳಬಹುದು, ಆಗ ತಲೆ ಕೆಡುತ್ತದೆ.

ಶೀಟ್ ಹೆಸರು ಕನ್ನಡದಲ್ಲಿದ್ದರೆ ರೆಕಾರ್ಡ್ ಆದ ಕೋಡ್‌ನಲ್ಲೂ ಪ್ರಶ್ನಾರ್ಥಕ ಚಿಹ್ನೆಗಳೇ ಕೂತಿರುತ್ತವೆ. ಓಡಿಸಿದಾಗ 9ನೇ ನಂಬರಿನ ಎರರ್ ಬರುತ್ತದೆ. ಆ ಹೆಸರಿನ ಶೀಟ್ ಇಲ್ಲ ಎಂದು ಅದರ ಅರ್ಥ.

ಹಂತ 5: ರೆಕಾರ್ಡ್ ಆದ ಕೋಡನ್ನು ತಿದ್ದಿ

ಆಲ್ಟ್ ಮತ್ತು ಎಫ್11 ಒತ್ತಿದರೆ ಎಡಿಟರ್ ತೆರೆಯುತ್ತದೆ. ಮಾಡ್ಯೂಲ್1ರಲ್ಲಿ ನಿಮ್ಮ ಮ್ಯಾಕ್ರೋ ಇರುತ್ತದೆ.

ಮೊದಲ ತಿದ್ದುಪಡಿ ಎಲ್ಲಕ್ಕಿಂತ ಮೇಲೆ, ಶೀಟ್ ಕಾಪಿ ಆಗುವ ಸಾಲಿಗಿಂತ ಮುಂಚೆ. ಅಲ್ಲಿ ಎರಡು ವೇರಿಯಬಲ್ (ಕೋಡ್ ಒಳಗೆ ಮಾಹಿತಿ ಇಟ್ಟುಕೊಳ್ಳುವ ಹೆಸರು) ತುಂಬಿಕೊಳ್ಳಬೇಕು. ಒಂದು ಫೋಲ್ಡರ್: 'ಎನ್‌ವಿರಾನ್' ಫಂಕ್ಷನ್‌ಗೆ 'ಯೂಸರ್‌ಪ್ರೊಫೈಲ್' ಎಂದು ಕೊಟ್ಟು, ಅದಕ್ಕೆ ಸೆಟ್ಟಿಂಗ್ಸ್ ಶೀಟ್‌ನ ಬಿ3 ಸೇರಿಸಿ. ಯಾರ ಕಂಪ್ಯೂಟರ್ ಆದರೂ ಅವರ ಯೂಸರ್ ಫೋಲ್ಡರ್ ತಾನಾಗಿ ಸಿಗುತ್ತದೆ. ಇನ್ನೊಂದು ಫೈಲ್ ಹೆಸರು: ಬಿ4. ಬಿ3, ಬಿ4 ಎರಡನ್ನೂ ಕೇಳುವಾಗ ಮುಂದೆ 'ದಿಸ್‌ವರ್ಕ್‌ಬುಕ್' ಎಂದು ಸ್ಪಷ್ಟವಾಗಿ ಬರೆಯಿರಿ.

ಈ ಕ್ರಮ ಏಕೆ ಅಂದರೆ, ಶೀಟ್ ಕಾಪಿ ಆದ ಕೂಡಲೇ ಹೊಸ ಬುಕ್ ಮುಂದೆ ಬರುತ್ತದೆ. ಅದಾದ ಮೇಲೆ ಬರೀ 'ರೇಂಜ್ ಬಿ4' ಎಂದು ಕೇಳಿದರೆ ಎಕ್ಸೆಲ್ ಹೊಸ ಬುಕ್‌ನ ಬಿ4 ಕೊಡುತ್ತದೆ. ಅಲ್ಲಿ ಯಾವುದೋ ಲಾರಿ ನಂಬರ್ ಇರುತ್ತದೆ. ಲಾರಿ ನಂಬರಿನ ಹೆಸರಲ್ಲಿ ಫೈಲ್ ಸೇವ್ ಆಗಿದ್ದರೆ ಕಾರಣ ಇದೇ.

ಎರಡನೆಯದು ಸೇವ್‌ಆ್ಯಸ್ ಸಾಲು. 'ಫೈಲ್‌ನೇಮ್' ಮುಂದೆ ಉದ್ಧರಣ ಚಿಹ್ನೆಗಳ ನಡುವೆ ಇರುವ ವಿಳಾಸವನ್ನು ಚಿಹ್ನೆಗಳ ಸಮೇತ ಅಳಿಸಿ, ಎರಡು ವೇರಿಯಬಲ್‌ಗಳನ್ನು ಆ್ಯಂಡ್ ಚಿಹ್ನೆಯಿಂದ ಸೇರಿಸಿ ಬರೆಯಿರಿ. ಚಿಹ್ನೆ ಉಳಿಸಿದರೆ ವೇರಿಯಬಲ್‌ನ ಹೆಸರೇ ಫೈಲ್‌ನ ಹೆಸರಾಗುತ್ತದೆ. 'ಫೈಲ್‌ಫಾರ್ಮ್ಯಾಟ್' ಭಾಗವನ್ನು ಅಳಿಸಬೇಡಿ. ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ ಅದರ ನಂಬರ್ 51, ಮ್ಯಾಕ್ರೋ ಇರುವ ಎಕ್ಸ್‌ಎಲ್‌ಎಸ್‌ಎಂಗೆ 52. ಹೆಸರಿನ ಕೊನೆ ಒಂದು, ನಂಬರ್ ಇನ್ನೊಂದು ಆದರೆ ಸೇವ್ ನಿಲ್ಲುತ್ತದೆ.

'ಸೇವ್‌ಕಾಪಿಆ್ಯಸ್' ಬಳಸಿ ಸುಲಭ ಮಾಡಿಕೊಳ್ಳೋಣ ಎಂದು ಕೆಲವರು ಹೋಗುತ್ತಾರೆ. ಅದು ಫೈಲ್‌ನ ಬಗೆಯನ್ನು ಬದಲಿಸುವುದಿಲ್ಲ. ಎಕ್ಸ್‌ಎಲ್‌ಎಸ್‌ಎಂ ಫೈಲನ್ನು ಎಕ್ಸ್‌ಎಲ್‌ಎಸ್‌ಎಕ್ಸ್ ಹೆಸರಲ್ಲಿ ಇಳಿಸುತ್ತದೆ, ಆಮೇಲೆ ಅದು ಯಾರಿಗೂ ತೆರೆಯುವುದಿಲ್ಲ.

ಮೂರನೆಯದು ಸೇವ್‌ಗೆ ಮುಂಚಿನ ತಪಾಸಣೆ. 'ಕ್ರಿಯೇಟ್‌ಆಬ್ಜೆಕ್ಟ್' ಮೂಲಕ 'ಸ್ಕ್ರಿಪ್ಟಿಂಗ್ ಡಾಟ್ ಫೈಲ್‌ಸಿಸ್ಟಮ್‌ಆಬ್ಜೆಕ್ಟ್' ತೆಗೆದುಕೊಳ್ಳಿ. ಅದರ 'ಫೋಲ್ಡರ್‌ಎಕ್ಸಿಸ್ಟ್ಸ್' ಫೋಲ್ಡರ್ ಇದೆಯೇ ಹೇಳುತ್ತದೆ, 'ಫೈಲ್‌ಎಕ್ಸಿಸ್ಟ್ಸ್' ಅದೇ ಹೆಸರಿನ ಫೈಲ್ ಆಗಲೇ ಇದೆಯೇ ಹೇಳುತ್ತದೆ. ಹಳೆಯ 'ಡಿಐಆರ್' ಫಂಕ್ಷನ್ ಕನ್ನಡ ಹೆಸರುಗಳ ಮುಂದೆ ಸೋಲುತ್ತದೆ, ಬೇಡ. ಫೋಲ್ಡರ್ ಇಲ್ಲದಿದ್ದರೂ ಫೈಲ್ ಆಗಲೇ ಇದ್ದರೂ ಒಂದು ಸಂದೇಶ ತೋರಿಸಿ ಮ್ಯಾಕ್ರೋ ನಿಲ್ಲಬೇಕು. ಆ ಸಂದೇಶ ಇಂಗ್ಲಿಷ್‌ನಲ್ಲಿರಲಿ. ಸಂದೇಶ ತೋರಿಸುವ ಎಂಎಸ್‌ಜಿಬಾಕ್ಸ್‌ನಲ್ಲೂ ಕನ್ನಡ ಮೂಡುವುದಿಲ್ಲ.

ಫೋಲ್ಡರ್ ಇಲ್ಲದಿದ್ದರೆ ಹೊಸದು ಮಾಡು ಎಂದು ಮಾತ್ರ ಬರೆಯಬೇಡಿ. ಫೈಲ್ ಕಾಣೆಯಾಗುವ ಕಥೆಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ. ಸಿಂಕ್ ಕಿತ್ತುಹೋಗಿರುತ್ತದೆ ಅಥವಾ ಬಿ3ಯಲ್ಲಿ ಒಂದು ಅಕ್ಷರ ತಪ್ಪಿರುತ್ತದೆ. ಮ್ಯಾಕ್ರೋ ಅಂಥದೇ ಹೆಸರಿನ ಫೋಲ್ಡರನ್ನು ಡಿಸ್ಕ್ ಮೇಲೆ ಮಾಡಿ ಅದರೊಳಗೆ ದಿನಾ ಫೈಲ್ ಹಾಕುತ್ತಾ ಹೋಗುತ್ತದೆ. ನೋಡಲು ಎಲ್ಲ ಸರಿ. ಆ ಫೋಲ್ಡರ್‌ಗೂ ಲೈಬ್ರರಿಗೂ ಸಂಬಂಧವೇ ಇರುವುದಿಲ್ಲ.

ಕೊನೆಯದಾಗಿ, ಮುಚ್ಚುವ ಸಾಲಿನಲ್ಲಿ 'ಸೇವ್‌ಚೇಂಜಸ್' ಅನ್ನು 'ಫಾಲ್ಸ್' ಮಾಡಿ. 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಎಂಬ ಸಾಲು ಎಲ್ಲಿಂದಲೋ ಕಾಪಿಯಾಗಿ ಬಂದಿದ್ದರೆ ಅಳಿಸಿ. ಅದು ಎರರ್ ಸರಿಪಡಿಸುವುದಿಲ್ಲ, ಮುಚ್ಚಿಡುತ್ತದೆ. 'ಡಿಸ್‌ಪ್ಲೇಅಲರ್ಟ್ಸ್' ಅನ್ನು 'ಫಾಲ್ಸ್' ಮಾಡಿದ್ದರೆ ಅದೂ ಬೇಡ. ಹಳೆಯ ಫೈಲ್ ಮೇಲೆ ಹೊಸದು ಬಿದ್ದರೂ ಕೇಳುವುದಿಲ್ಲ. 'ದಿಸ್‌ವರ್ಕ್‌ಬುಕ್ ಡಾಟ್ ಪಾತ್' ನಂಬಿ ಫೋಲ್ಡರ್ ಕಟ್ಟಬೇಡಿ. ಮೂಲ ಫೈಲ್ ಸಿಂಕ್ ಫೋಲ್ಡರ್‌ನಲ್ಲಿದ್ದರೆ ಅದು ವೆಬ್ ವಿಳಾಸ ಕೊಡುತ್ತದೆ.

ಹಂತ 6: ಒಂದೊಂದೇ ಸಾಲು ಓಡಿಸಿ

ಬಟನ್ ಹಾಕುವ ಅವಸರ ಬೇಡ. ಎಡಿಟರ್‌ನಲ್ಲಿ ಮ್ಯಾಕ್ರೋ ಒಳಗೆ ಕರ್ಸರ್ ಇಟ್ಟು ಎಫ್8 ಒತ್ತುತ್ತಾ ಹೋಗಿ. ಒತ್ತಿದಂತೆ ಒಂದೊಂದು ಸಾಲು ಓಡುತ್ತದೆ. ಫೋಲ್ಡರ್ ವೇರಿಯಬಲ್ ತುಂಬಿದ ಮೇಲೆ ಅದರ ಮೇಲೆ ಮೌಸ್ ಇಡಿ, ಒಳಗಿನ ವಿಳಾಸ ಕಾಣುತ್ತದೆ. ಹಂತ 2ರಲ್ಲಿ ಕಾಪಿ ಮಾಡಿದ ವಿಳಾಸದ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ.

ಎಲ್ಲ ಸರಿಯಾದ ಮೇಲೆ ಬಟನ್ ಹಾಕಿ. ಬಟನ್ ಸೆಟ್ಟಿಂಗ್ಸ್ ಶೀಟ್‌ನಲ್ಲಿರಲಿ. ಆವಕದ ಶೀಟ್‌ನಲ್ಲಿಟ್ಟರೆ ಕಾಪಿ ಜೊತೆ ಬಟನ್ನೂ ಹೋಗುತ್ತದೆ.

ಹಂತ 7: ನಿಜವಾಗಿಯೂ ಸೇರಿದೆಯೇ ನೋಡಿ

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಪಕ್ಕದ ಗುರುತು ನೋಡಿ. ಹಸಿರು ಟಿಕ್ ಇದ್ದರೆ ಮೇಲೆ ಹೋಗಿದೆ. ಸುತ್ತುವ ನೀಲಿ ಬಾಣಗಳಿದ್ದರೆ ಇನ್ನೂ ಹೋಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ. ಕೆಂಪು ಗುರುತು ಇದ್ದರೆ ಸಿಂಕ್ ನಿಂತಿದೆ. ಯಾವ ಗುರುತೂ ಇಲ್ಲದಿದ್ದರೆ ಆ ಫೋಲ್ಡರ್ ಸಿಂಕ್ ಆಗುತ್ತಲೇ ಇಲ್ಲ ಎಂದು ತಿಳಿಯಿರಿ. ಮೊದಲ ಕೆಲವು ದಿನ ಗಂಗಾವತಿಯವರಿಗೆ ಫೋನ್ ಮಾಡಿ ಬ್ರೌಸರ್‌ನಲ್ಲೂ ಕಾಣುತ್ತದೆಯೇ ಕೇಳುವುದು ಒಳ್ಳೆಯದು.

ಫೈಲ್ ಹೆಸರಿನ ಕೊನೆಗೆ ಕಂಪ್ಯೂಟರಿನ ಹೆಸರು ಅಂಟಿಕೊಂಡ ಇನ್ನೊಂದು ಪ್ರತಿ ಕಂಡರೆ, ಇಬ್ಬರು ಒಂದೇ ಫೈಲ್‌ಗೆ ಕೈ ಹಾಕಿದ್ದಾರೆ ಎಂದರ್ಥ. ಅದಕ್ಕೇ ಮಿಲ್ ಹೆಸರು ಫೈಲ್ ಹೆಸರಿನಲ್ಲಿ ಇರಬೇಕು.

ಸಿಂಕ್ ಮಾಡಲು ಅನುಮತಿ ಇಲ್ಲದಿದ್ದರೆ

ಕೆಲವು ಕಂಪನಿಗಳಲ್ಲಿ ಸಿಂಕ್ ಮುಚ್ಚಿರುತ್ತಾರೆ. ಆಗ ವೆಬ್ ವಿಳಾಸವೇ ಗತಿ. ಬ್ರೌಸರ್‌ನ 'ಕಾಪಿ ಲಿಂಕ್' ಕೊಡುವ ವಿಳಾಸ ಇಲ್ಲಿ ಕೆಲಸಕ್ಕೆ ಬಾರದು. ಲೈಬ್ರರಿಯ ಯಾವುದಾದರೂ ಎಕ್ಸೆಲ್ ಫೈಲನ್ನು ಡೆಸ್ಕ್‌ಟಾಪ್ ಎಕ್ಸೆಲ್‌ನಲ್ಲಿ ತೆರೆದು ಫೈಲ್, ಇನ್ಫೋ, 'ಕಾಪಿ ಪಾತ್' ಒತ್ತಿ. ಬಂದ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದಿನದ್ದನ್ನೂ ಫೈಲ್ ಹೆಸರನ್ನೂ ತೆಗೆಯಿರಿ. ಉಳಿದದ್ದು ಫೋಲ್ಡರ್‌ನ ವಿಳಾಸ. ಬಿ3ಯಲ್ಲಿ ಅದನ್ನು ಪೂರ್ತಿಯಾಗಿ ಇಡಿ, ಕೊನೆಗೆ ಮುಂದೆ ಬಾಗಿದ ಸ್ಲ್ಯಾಶ್ ಇರಲಿ. ಕೋಡ್‌ನಿಂದ ಎನ್‌ವಿರಾನ್ ಭಾಗ ತೆಗೆಯಿರಿ.

ಪರದೆಯ ಮೇಲೆ ಡಾಕ್ಯುಮೆಂಟ್ಸ್ ಎಂದು ಕಾಣುವ ಲೈಬ್ರರಿ ಸಾಮಾನ್ಯವಾಗಿ ವಿಳಾಸದಲ್ಲಿ 'ಶೇರ್ಡ್ ಡಾಕ್ಯುಮೆಂಟ್ಸ್' ಆಗಿರುತ್ತದೆ. ಕಂಡದ್ದನ್ನು ನೋಡಿ ಟೈಪ್ ಮಾಡಿದವರಿಗೆ 1004 ಬರುವುದು ಇಲ್ಲೇ. ಫೋಲ್ಡರ್ ಇದೆಯೇ, ಫೈಲ್ ಇದೆಯೇ ಎಂಬ ತಪಾಸಣೆ ವೆಬ್ ವಿಳಾಸದ ಮೇಲೆ ನಡೆಯುವುದಿಲ್ಲ. ಆ ಸಾಲುಗಳನ್ನು ತೆಗೆಯಿರಿ, ಫೋಲ್ಡರ್‌ಗಳನ್ನು ಬ್ರೌಸರ್‌ನಲ್ಲಿ ಮೊದಲೇ ಮಾಡಿಟ್ಟುಕೊಳ್ಳಿ.

ಈ ಲಕ್ಷಣ ಕಂಡರೆ ಇಲ್ಲಿ ನೋಡಿ

ಎರರ್ 1004: ವಿಳಾಸ, ಹೆಸರಿನಲ್ಲಿ ನಿಷೇಧಿತ ಚಿಹ್ನೆ, ಫೈಲ್‌ಫಾರ್ಮ್ಯಾಟ್ ನಂಬರ್. ಈ ಕ್ರಮದಲ್ಲೇ ಹುಡುಕಿ. ಅದೇ ಹೆಸರಿನ ಫೈಲ್ ನಿಮ್ಮ ಎಕ್ಸೆಲ್‌ನಲ್ಲಿ ತೆರೆದಿದ್ದರೂ ಇದೇ ಬರುತ್ತದೆ.

ಎರರ್ 52 ಅಥವಾ 76: ಡಿಐಆರ್‌ಗೆ ಅಥವಾ ಹೊಸ ಫೋಲ್ಡರ್ ಮಾಡುವ ಎಂಕೆಡಿಐಆರ್‌ಗೆ ವೆಬ್ ವಿಳಾಸ ಕೊಟ್ಟಿದ್ದೀರಾ ನೋಡಿ.

ತೆರೆದ ಕೂಡಲೇ ಕೆಂಪು ಪಟ್ಟಿ ಬಂದು ಮ್ಯಾಕ್ರೋ ತಡೆಯಲಾಗಿದೆ ಎಂದರೆ: ಮೂಲ ಫೈಲನ್ನು ಇಮೇಲ್‌ನಿಂದಲೋ ವಾಟ್ಸಾಪ್ ವೆಬ್‌ನಿಂದಲೋ ಇಳಿಸಿಕೊಂಡಿರುತ್ತೀರಿ. ಇಂಟರ್ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋವನ್ನು ಮೈಕ್ರೋಸಾಫ್ಟ್ 2022ರಿಂದ ಹೀಗೆ ತಡೆಯುತ್ತಿದೆ. ಕಳಿಸಿದವರು ಯಾರೆಂದು ಖಚಿತವಿದ್ದರೆ ಮಾತ್ರ ಫೈಲ್ ಮುಚ್ಚಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕೆಳಗಿರುವ 'ಅನ್‌ಬ್ಲಾಕ್'ಗೆ ಟಿಕ್ ಹಾಕಿ. ಎಲ್ಲ ಮ್ಯಾಕ್ರೋಗಳಿಗೂ ಅನುಮತಿ ಕೊಡುವ ಸೆಟ್ಟಿಂಗನ್ನು ಯಾರು ಹೇಳಿದರೂ ಮುಟ್ಟಬೇಡಿ. ಅದರಿಂದ ಮುಂದೆ ಬರುವ ಕೆಟ್ಟ ಫೈಲ್‌ಗಳಿಗೂ ಬಾಗಿಲು ತೆರೆದಂತಾಗುತ್ತದೆ.

ತಪ್ಪಿ ಫೈಲ್ ಅಳಿಸಿದ್ದರೆ: ಸೈಟ್‌ನ ರೀಸೈಕಲ್ ಬಿನ್ ನೋಡಿ. ಶೇರ್‌ಪಾಯಿಂಟ್ ಆನ್‌ಲೈನ್‌ನಲ್ಲಿ ಅಳಿಸಿದ ಫೈಲ್ 93 ದಿನ ಅಲ್ಲಿರುತ್ತದೆ. ಅಳಿಸಿಲ್ಲ, ಮೇಲೆ ಬೇರೆಯದು ಬರೆದುಬಿಟ್ಟಿದ್ದರೆ ಲೈಬ್ರರಿಯಲ್ಲಿ ಆ ಫೈಲ್‌ನ ವರ್ಷನ್ ಹಿಸ್ಟರಿ ತೆರೆದು ಹಿಂದಿನದನ್ನು ರೀಸ್ಟೋರ್ ಮಾಡಿ.